ಕುಜಲೋಕದ ವರನ ಮುಖ

ನಮ್ಮೂರಿನಲ್ಲಿ ಟವೆಲ್ ಹಾಕಿದರೆ ಹಾಕಿದ ಹಾಗೆಯೇ. ಬೇರೆ ಊರುಗಳಲ್ಲಿ ಬಸ್ಸಿನ ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಎಸೆದರೂ ಯಾವನೋ ದಾಂಡಿಗ ಬಂದು ಅದನ್ನೆತ್ತಿ ಪಕ್ಕಕ್ಕಿಟ್ಟು ಕೂತುಬಿಡುತ್ತಾನೆ, ಆಮೇಲೆ ಕೈಕೈ ಮಿಲಾಯಿಸುತ್ತಾರೆ. ನಮ್ಮಲ್ಲಿ ಆ ರಗಳೆಯೇ ಇಲ್ಲ. ಟವೆಲ್ ಬಿದ್ದ ಸೀಟಿನಲ್ಲಿ ಬೇರೆಯವರು ಕೂರಲು ಹೋದರೆ ಅವರ ಮಂಡಿ ಮಡಚುವುದಿಲ್ಲ. ಎತ್ತಿ ಬಿಸಾಡೋಣ ಎಂದರೆ ಟವೆಲ್ ಸೀಟಿಗೆ ಅಂಟಿಕೊಂಡಿರುತ್ತದೆ, ಹಾಕಿದವರೇ ಬಂದು ಎತ್ತಬೇಕು. ನಾನು ದೇವೀರಮ್ಮ, ಈ ಊರಿನ ಬಸ್ಸಿನಲ್ಲಿ ಕಂಡಕ್ಟರ್ ಆಗಿ ಕೂದಲು ಬೆಳ್ಳಗೆ ಮಾಡಿಕೊಂಡವಳು, ಎಲ್ಲ ಕಣ್ಣಾರೆ ಕಂಡಿದ್ದೇನೆ. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತು ಸೊಸೆಯ ತಪ್ಪು ಹುಡುಕುವುದಕ್ಕಿಂತ ಇದು ವಾಸಿ ಎಂದು ಚಂದ್ರಿಕಾ ಟಾಕೀಸಿನ ಬಾಗಿಲಲ್ಲಿ ಟಿಕೆಟ್ ಹರಿಯುವ ಕೆಲಸಕ್ಕೆ ಸೇರಿಕೊಂಡೆ. ಈಗಲೂ ಜನ ನನ್ನನ್ನು ಕಂಡಕ್ಟ್ರಕ್ಕ ಎಂದೇ ಕರೆಯುತ್ತಾರೆ. ಬಾಗಿಲಲ್ಲಿ ನಿಂತವರಿಗೆ ನಾನೂ ಒಳಗೆ ಹೋಗಿ, ಒಳಗೆ ಹೋಗಿ ಎಂದೇ ಗದರುತ್ತೇನೆ.

ಚಂದ್ರಿಕಾದಲ್ಲಿ ಭಾನುವಾರದ ಮ್ಯಾಟಿನಿಗೆ ಯಾವಾಗಲೂ ಒಂದೇ ಸಿನಿಮಾ, 'ಕುಜಲೋಕದ ವರ'. ನಾನು ಲಂಗ ತೊಟ್ಟು ಓಡಾಡುತ್ತಿದ್ದ ಕಾಲದಲ್ಲಿ ನಮ್ಮೂರಿನವರೇ ಸೇರಿ ತೆಗೆದದ್ದು. ಹೊರದೇಶದವರು ಆಕಾಶದಿಂದ ತಟ್ಟೆ ಇಳಿಸಿ, ಅದರೊಳಗಿಂದ ವಿಚಿತ್ರ ಪ್ರಾಣಿಗಳನ್ನು ಇಳಿಸಿ, ಭೂಮಿಯನ್ನೇ ಗಡಗಡ ನಡುಗಿಸುವ ಸಿನಿಮಾ ಮಾಡುತ್ತಿದ್ದರಲ್ಲ, ಅವನ್ನು ನೋಡಿ ಬಂದ ಟಾಕೀಸಿನ ಹಳೇ ಸಾಹುಕಾರರು ನಾವೇನು ಕಮ್ಮಿ ಎಂದು ಹಟ ಹಿಡಿದರು. ಎರಡು ಪರಾತಗಳನ್ನು ಬಾಯಿಗೆ ಬಾಯಿ ಕೂಡಿಸಿ ಬೆಸುಗೆ ಹಾಕಿಸಿದರೆ ಅದು ಹಾರುವ ತಟ್ಟೆ. ತೂಗುಹಾಕಿದ ದಾರ ಚೆನ್ನಾಗಿಯೇ ಕಾಣುತ್ತದೆ. ಸೊಳ್ಳೆ ಔಷಧಿ ಹೊಡೆಯುವ ಪಂಪು ಮಾರಕ ಕಿರಣದ ಬಂದೂಕು. ಬಟ್ಟೆ ಒಗೆಯುವ ಕಲ್ಲನ್ನು ನೆಟ್ಟಗೆ ನಿಲ್ಲಿಸಿ ಕರಿ ಬಣ್ಣ ಬಳಿದರೆ ಬ್ರಹ್ಮಾಂಡದ ರಹಸ್ಯ, ಎಲ್ಲರೂ ಅದರ ಮುಂದೆ ಬಾಯಿ ಬಿಟ್ಟುಕೊಂಡು ನಿಲ್ಲುತ್ತಾರೆ. ಕಥೆಯೂ ಅಷ್ಟೇ ಸೊಗಸು. ಕುಜಗ್ರಹದಿಂದ ಒಬ್ಬ ವರ ಇಳಿಯುತ್ತಾನೆ, ತಲೆಗೆ ಇಡ್ಲಿ ಪಾತ್ರೆ, ಅದರ ಮೇಲೆರಡು ರೇಡಿಯೋ ಕಡ್ಡಿ. ಊರಿನವರು ದೊಣ್ಣೆ ಹಿಡಿದು ಸುತ್ತುವರಿದಾಗ ಕೈಯೆತ್ತಿ, "ಹೆದರಬೇಡಿ, ನಾವು ಸಂಬಂಧಕ್ಕಾಗಿ ಬಂದಿದ್ದೇವೆ. ನಮ್ಮನ್ನು ಹೆಣ್ಣಿನ ತಂದೆಯ ಬಳಿಗೆ ಕರೆದೊಯ್ಯಿರಿ" ಎನ್ನುತ್ತಾನೆ. ಹೆಣ್ಣಿಗೆ ಕುಜದೋಷ, ಎಲ್ಲೂ ಗಂಡು ಕೂಡಿಬಂದಿಲ್ಲ. ಜೋಯಿಸರು ಜಾತಕ ನೋಡಿ, ಹುಡುಗ ಹುಟ್ಟಿದ್ದೇ ಕುಜನ ಮೇಲೆ, ಆದ್ದರಿಂದ ಇವನಿಗೆ ಕುಜದೋಷವಿಲ್ಲ, ಭೂಮಿದೋಷ ಮಾತ್ರ ಜೋರಾಗಿದೆ ಎಂದು ತೀರ್ಪು ಕೊಡುತ್ತಾರೆ.

ವರನ ಪಾತ್ರ ಮಾಡಿದವರು ಆಗ ಟಾಕೀಸಿನ ಪೋಸ್ಟರ್ ಅಂಟಿಸುತ್ತಿದ್ದ ಶಾಂತವೀರಯ್ಯ. ಅವತ್ತಿನಿಂದ ಊರಿಗೆಲ್ಲ ಕುಜಣ್ಣ. ಹೆಣ್ಣಿನ ಪಾತ್ರ ಹಾರ್ಮೋನಿಯಂ ಮೇಷ್ಟ್ರ ಮಗಳು ಚಂದ್ರಮತಿಯದು. ಸಿನಿಮಾ ಮುಗಿಯುವುದರೊಳಗೆ ಇಬ್ಬರೂ ಮದುವೆ ಮಾಡಿಕೊಂಡರು. ಪಾಪ, ಕುಜಣ್ಣನ ಮುಖ ಮಾತ್ರ ಸಿನಿಮಾ ಪೂರ್ತಿ ಇಡ್ಲಿ ಪಾತ್ರೆಯ ಒಳಗೇ ಇರುತ್ತದೆ. ಕಟ್ಟಕಡೆಯ ದೃಶ್ಯದಲ್ಲಿ ಎರಡು ಕೈಯಿಂದ ಪಾತ್ರೆ ತೆಗೆದು ಹೆಣ್ಣಿಗೆ ಮುಖ ತೋರಿಸುತ್ತಾನೆ, ಅಲ್ಲಿಗೆ ಶುಭಂ.

ಹೀಗಿರುವಾಗ ಮೊಬೈಲ್ ಅಂಗಡಿಯ ಮುರಿಗೇಶ ಹೊಸದೊಂದನ್ನು ಊರಿಗೆ ತಂದ. ಲೋಕದಲ್ಲೆಲ್ಲ ಜನ ಕಂಪ್ಯೂಟರಿನ ಚಿತ್ರಗಳಿಗೆ ದುಡ್ಡು ಸುರಿಯುತ್ತಿದ್ದಾರೆ, ಚಿತ್ರ ಎಲ್ಲರಿಗೂ ಕಂಡರೂ ಒಡೆಯ ಒಬ್ಬನೇ, ಅದಕ್ಕೆ ಡಿಜಿಟಲ್ ಆಸ್ತಿ ಎನ್ನುತ್ತಾರೆ ಎಂದು ಅಂಗಡಿಯ ಮುಂದೆ ನಿಂತು ಭಾಷಣ ಬಿಗಿದ. ಮೊದಲು ತೋರಿಸಿದ್ದು ಯಾವುದೋ ಕೋತಿಗಳ ಚಿತ್ರ. ಕೋತಿ ಕೊಳ್ಳಲು ನಮಗೇನು ತಲೆ ಕೆಟ್ಟಿದೆಯೇ, ಸಂಜೆಯಾದರೆ ಹೆಂಚಿನ ಮೇಲೆ ಬೇಕಾದಷ್ಟು ಬರುತ್ತವೆ. ಆಗ ಅವನಿಗೆ ನಮ್ಮ ಸಿನಿಮಾ ನೆನಪಾಯಿತು. ಈಗಿನ ಸಾಹುಕಾರರನ್ನು ಒಪ್ಪಿಸಿ, 'ಕುಜಲೋಕದ ವರ'ವನ್ನು ದೃಶ್ಯ ದೃಶ್ಯವಾಗಿ ವಿಂಗಡಿಸಿ, ಒಂದೊಂದಕ್ಕೂ ಬರೀ ಹೆಸರು, ನಂಬರು ಕೊಟ್ಟು ಮೊಬೈಲಿನಲ್ಲಿ ಮಾರಾಟಕ್ಕಿಟ್ಟ.

"ಹಾಗಂದ್ರೆ ಏನೋ? ಟವೆಲ್ ಹಾಕೋದು ತಾನೆ?" ಎಂದು ನಾನು ಕೇಳಿದೆ.

ಅವನು ಕಣ್ಣರಳಿಸಿ, "ಅದೇ ಅಕ್ಕ. ನಾನು ಒಂದು ವಾರದಿಂದ ಬಡ್ಕೋತಿದ್ದದ್ದನ್ನ ಒಂದೇ ಮಾತಲ್ಲಿ ಹೇಳ್ಬಿಟ್ರಲ್ಲ" ಎಂದ.

ಅಲ್ಲಿಂದ ಎಲ್ಲರಿಗೂ ಅರ್ಥವಾಗಿಹೋಯಿತು. ಟವೆಲ್ ಎಂದ ಮೇಲೆ ನಮ್ಮವರನ್ನು ಹಿಡಿಯುವವರುಂಟೇ, ನಾ ಮುಂದು ತಾ ಮುಂದು ಎಂದು ಬಿದ್ದರು. ಹಿಟ್ಟಿನ ಗಿರಣಿಯ ಈರಬಸಪ್ಪ ತಟ್ಟೆ ಇಳಿಯುವ ದೃಶ್ಯಕ್ಕೆ ಟವೆಲ್ ಹಾಕಿದ. ಕಿರಣದ ಬಂದೂಕಿನ ಕಾಳಗವನ್ನು ಅಣ್ಣತಮ್ಮಂದಿರಿಬ್ಬರು ಹಂಚಿಕೊಂಡರು, ಹೊಡೆಯುವುದು ಅಣ್ಣನಿಗೆ, ಬೀಳುವುದು ತಮ್ಮನಿಗೆ. ಎಲ್ಲಕ್ಕಿಂತ ದುಬಾರಿಯಾದ ಕಡೇ ದೃಶ್ಯ, ಮುಖ ತೋರಿಸುವುದು, ಅದಕ್ಕೆ ಮುರಿಗೇಶನೇ ಟವೆಲ್ ಹಾಕಿಕೊಂಡ.

ಬೇರೆ ಕಡೆ ಇದೆಲ್ಲ ಬರೀ ಹೆಸರಿಗೆ ಇರಬಹುದು. ನಮ್ಮೂರಿನಲ್ಲಿ ಹಾಗಾಗಲಿಲ್ಲ. ಮುಂದಿನ ಭಾನುವಾರ ಈರಬಸಪ್ಪ ಹೊಟ್ಟೆ ಕೆಟ್ಟು ಮನೆಯಲ್ಲಿ ಮಲಗಿದ್ದ, ಪರದೆಯ ಮೇಲೆ ತಟ್ಟೆ ಇಳಿಯಲೇ ಇಲ್ಲ. ಅಷ್ಟು ಹೊತ್ತೂ ಪರದೆ ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗಿತ್ತು. ಆಮೇಲೆ ಕುಜಲೋಕದ ವರ ಎಲ್ಲಿಂದಲೋ ಸಂತೆಗೆ ಬಂದವನಂತೆ ನಡೆದು ಬಂದ. ಟವೆಲ್ ಹಾಕಿದವರು ಟಾಕೀಸಿನೊಳಗೆ ಕೂತಿದ್ದರೆ ಮಾತ್ರ ಅವರ ದೃಶ್ಯ ಮೂಡುತ್ತದೆ ಎಂದು ಎಲ್ಲರಿಗೂ ತಿಳಿಯಿತು. ರೀಲನ್ನು ಬೇರೆ ಊರಿಗೆ ಒಯ್ದು ನೋಡಬಹುದಿತ್ತಲ್ಲ ಎಂದು ಕೇಳಬೇಡಿ, ಆ ರೀಲು ಓಡಿಸುವ ಮೆಷಿನ್ನು ಚಂದ್ರಿಕಾ ಬಿಟ್ಟರೆ ಇನ್ನೆಲ್ಲೂ ಉಳಿದಿಲ್ಲ.

ಜನ ಹೇಗೋ ಹೊಂದಿಕೊಂಡರು. ಭಾನುವಾರ ಬೆಳಗ್ಗೆ ನಾನು ಮನೆಮನೆಗೆ ಫೋನು ಮಾಡಿ, ಬರುತ್ತೀರಾ ಇಲ್ಲವಾ, ಜೋಯಿಸರ ದೃಶ್ಯ ಇಲ್ಲದಿದ್ದರೆ ಕಥೆ ತಿಳಿಯಲ್ಲ ಎಂದು ದುಂಬಾಲು ಬೀಳುತ್ತಿದ್ದೆ. ಅಣ್ಣತಮ್ಮಂದಿರು ನಲ್ಲಿ ನೀರಿಗೆ ಜಗಳವಾಡಿ ತಮ್ಮ ಬರುವುದನ್ನು ಬಿಟ್ಟಾಗ ಬಂದೂಕು ಪುಸ್ ಪುಸ್ ಎಂದರೂ ಯಾರೂ ಬೀಳುತ್ತಿರಲಿಲ್ಲ. ಪರದೆ ಬೆಳ್ಳಗಾದರೆ ಸಿನಿಮಾ ಬಾಯಿಪಾಠವಾದವರು ಯಾರಾದರೂ ಎದ್ದು, "ಈಗ ತಟ್ಟೆ ಇಳೀತು ಅಂದ್ಕೊಳ್ಳಿ" ಎಂದು ಹೇಳಿ ಕೂರುತ್ತಿದ್ದರು. ಎಮ್ಮೆ ರಸ್ತೆ ದಾಟುವ ದೃಶ್ಯಕ್ಕೆ ಟವೆಲ್ ಹಾಕಿದ್ದ ಮುದುಕಮ್ಮ ತೀರಿಕೊಂಡ ಮೇಲೆ ಆ ಎಮ್ಮೆ ಮತ್ತೆ ಬರಲಿಲ್ಲ. ಅಲ್ಲಿ ಮಾತ್ರ ಯಾರೂ ಏನೂ ಹೇಳುವುದಿಲ್ಲ, ಸುಮ್ಮನೆ ಕೂತಿರುತ್ತೇವೆ.

ಮುರಿಗೇಶ ಒಮ್ಮೆಯೂ ಸಿನಿಮಾಕ್ಕೆ ಬರಲಿಲ್ಲ. ಯಾರೂ ನೋಡದಷ್ಟೂ ತನ್ನ ದೃಶ್ಯಕ್ಕೆ ಬೆಲೆ ಹೆಚ್ಚು ಅನ್ನುವುದು ಅವನ ಲೆಕ್ಕ. ಹಾಗಾಗಿ ಪ್ರತಿ ಭಾನುವಾರ ಕುಜಲೋಕದ ವರ ಎರಡು ಕೈ ಎತ್ತಿ ಇಡ್ಲಿ ಪಾತ್ರೆ ಹಿಡಿದುಕೊಳ್ಳುತ್ತಿದ್ದ, ಪರದೆ ಬೆಳ್ಳಗಾಗುತ್ತಿತ್ತು, ನಾವು ಎದ್ದು ಮನೆಗೆ ಹೋಗುತ್ತಿದ್ದೆವು. ಅದೇನು ದೊಡ್ಡ ವಿಷಯವೆಂದು ಮೊದಮೊದಲು ನನಗೂ ಅನ್ನಿಸಿರಲಿಲ್ಲ.

ಅಷ್ಟರಲ್ಲಿ ಕುಜಣ್ಣನಿಗೆ ಮರೆವು ಹತ್ತಿತು. ಮೊದಲು ಕನ್ನಡಕ ಎಲ್ಲಿಟ್ಟೆ ಎನ್ನುವುದು, ಆಮೇಲೆ ಮನೆಯ ದಾರಿ, ಆಮೇಲೆ ಮನುಷ್ಯರು. ಆದರೂ ಭಾನುವಾರ ಬಂದರೆ ಚಂದ್ರಮತಿ ಅವರ ತಲೆ ಬಾಚಿ, ಇಸ್ತ್ರಿ ಅಂಗಿ ಹಾಕಿ, ಕೈ ಹಿಡಿದು ಕರೆದುಕೊಂಡು ಬರುತ್ತಿದ್ದರು. ಸಿನಿಮಾ ನೋಡುವಾಗ ಅವರು ಎಳೆ ಮಗುವಿನ ಹಾಗೆ ಮುಂದಕ್ಕೆ ಬಾಗಿ ಕೂರುತ್ತಿದ್ದರು. ಒಂದು ಭಾನುವಾರ ಪರದೆಯ ಕಡೆ ಬೆರಳು ಮಾಡಿ, "ಅದರೊಳಗೆ ಇರೋರು ಯಾರು?" ಎಂದು ಕೇಳಿದರು.

"ನೀವೇ ಕಣ್ರೀ" ಎಂದರು ಚಂದ್ರಮತಿ.

"ನನ್ನ ಜೊತೆ ತಮಾಷೆ ಮಾಡ್ಬೇಡಿ. ನಾನು ಇಲ್ಲಿ ಕೂತಿದೀನಿ" ಎಂದು ಮುಖ ಸಿಂಡರಿಸಿಕೊಂಡರು.

ಅಂದಿನಿಂದ ಅದೇ ಒಂದು ಧ್ಯಾನವಾಯಿತು. ಮದುವೆ ಫೋಟೋ ತೋರಿಸಿದರೆ, ಇವರ್ಯಾರೋ ಬೇರೆ, ಪಾತ್ರೆ ಒಳಗಿನವನು ಬೇರೆ ಎನ್ನುತ್ತಿದ್ದರು. ಪಾತ್ರೆ ತೆಗೆಯಲಿ, ನೋಡೋಣ ಎಂದು ಕಾಯುತ್ತಿದ್ದರು. ವರನ ಕೈ ಮೇಲೇಳುತ್ತಿದ್ದಂತೆ ಇವರ ಉಸಿರು ಬಿಗಿಯಾಗುವುದು ನನಗೆ ಬಾಗಿಲಿಗೇ ಕೇಳುತ್ತಿತ್ತು. ಪರದೆ ಬೆಳ್ಳಗಾದ ಮೇಲೂ ಎಲ್ಲರೂ ಹೋಗುವ ತನಕ ಕೂತಿರುತ್ತಿದ್ದರು. ಬಾಗಿಲ ಹತ್ತಿರ ಬಂದಾಗ ನನ್ನನ್ನು ನೋಡಿ, "ತೆಗೀಲಿಲ್ಲವಲ್ಲಮ್ಮ" ಎನ್ನುತ್ತಿದ್ದರು. ಬಸ್ಸು ತಪ್ಪಿಸಿಕೊಂಡವರು ಕಂಡಕ್ಟರನ್ನು ಕೇಳುವುದು ಹಾಗೆಯೇ.

ಮಳೆಗಾಲಕ್ಕೆ ಮುಂಚೆ ಡಿಜಿಟಲ್ ಆಸ್ತಿಯ ಕಥೆ ಮುಗಿಯಿತು. ಅದನ್ನು ನಡೆಸುತ್ತಿದ್ದ ಕಂಪನಿ ಬಾಗಿಲು ಹಾಕಿತಂತೆ, ಆಪ್ ತೆರೆದರೆ ಚಕ್ರ ಸುತ್ತುತ್ತಲೇ ಇರುತ್ತಿತ್ತು. ಊರಿನವರ ದುಡ್ಡೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತು. ಟವೆಲುಗಳು ಮಾತ್ರ ಹಾಗೆಯೇ ಉಳಿದವು, ಆಪೇ ಸತ್ತ ಮೇಲೆ ಮಾರುವಂತಿಲ್ಲ, ಹಾಕಿದವರೂ ಎತ್ತುವಂತಿಲ್ಲ. ಜನ ಮುರಿಗೇಶನ ಅಂಗಡಿಯ ಮುಂದೆ ಹೋಗುವಾಗ ಬೇಕೆಂದೇ ಕೆಮ್ಮಿ ಹೋಗುತ್ತಿದ್ದರು. ಒಂದು ಗುರುವಾರ ಚಂದ್ರಮತಿ ನಮ್ಮ ಮನೆಗೆ ಬಂದರು. ಕೊಟ್ಟ ಕಾಫಿಯನ್ನು ಕೈಯಲ್ಲೇ ಹಿಡಿದುಕೊಂಡು ಕೂತರು.

"ದೇವೀರಮ್ಮ, ಮುರಿಗೇಶ ಊರು ಬಿಡ್ತಾನಂತೆ. ಸೋಮವಾರ ಸಾಮಾನೆಲ್ಲ ಲಾರಿಗೆ ಹಾಕ್ತಾನಂತೆ" ಎಂದರು. "ಅವನು ಹೋದರೆ ಇವರ ಮುಖ ಯಾವತ್ತೂ ಬರಲ್ಲ. ಡಾಕ್ಟ್ರು ಹೇಳಿದಾರೆ, ಇನ್ನು ಸ್ವಲ್ಪ ದಿನಕ್ಕೆ ಸಿನಿಮಾ ಅಂದ್ರೇನು ಅಂತಾನೂ ಗೊತ್ತಾಗಲ್ಲ ಅಂತ. ಈಗ ಕೇಳ್ತಿದಾರೆ, ಒಳಗೆ ಯಾರು ಅಂತ. ಕೇಳೋದು ನಿಂತುಹೋಗೋ ಮೊದಲು ಒಂದೇ ಒಂದು ಸಲ ತೋರಿಸ್ಬೇಕು ನಾನು."

"ನೀವು ಅವನನ್ನ ಕೇಳಿದ್ರಾ?"

"ಹೋಗಿದ್ದೆ. ಬಾಗಿಲು ತೆಗೀಲಿಲ್ಲ."

ನನಗೆ ಮೈ ಉರಿದುಹೋಯಿತು. ಮುದುಕಿಯೊಬ್ಬಳು ಬಾಗಿಲು ಬಡಿದರೆ ತೆಗೆಯದಷ್ಟು ಸೊಕ್ಕೇ ಎಂದುಕೊಂಡು, ಸೆರಗು ಸಿಕ್ಕಿಸಿ ನೇರ ಅವನ ಅಂಗಡಿಗೆ ಹೋದೆ. ಶಟರ್ ಅರ್ಧ ಎಳೆದಿತ್ತು. ಬಗ್ಗಿ ಒಳಗೆ ನುಗ್ಗಿದೆ. ಮುರಿಗೇಶ ರಟ್ಟಿನ ಡಬ್ಬಗಳ ನಡುವೆ ನೆಲದ ಮೇಲೆ ಕೂತಿದ್ದ. ಗಡ್ಡ ಬೆಳೆದಿತ್ತು. ಬೈಯಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಅವನ ಮುಖ ನೋಡಿ ಮರೆತುಹೋಯಿತು.

"ಭಾನುವಾರ ಮ್ಯಾಟಿನಿಗೆ ಬಾ" ಎಂದೆ.

"ಆಗಲ್ಲ ಅಕ್ಕ."

"ಯಾಕೆ ಆಗಲ್ಲ? ಇನ್ನೂ ರೇಟು ಬರುತ್ತೆ ಅಂತ ಕಾಯ್ತಿದೀಯಾ?"

"ರೇಟೆಲ್ಲಿ ಬಂತು ಬಿಡಿ. ಎಲ್ಲ ಮಣ್ಣಾಗಿ ಹೋಯ್ತು." ಅವನು ಡಬ್ಬಕ್ಕೆ ಅಂಟಿಸುವ ಟೇಪನ್ನು ಸುಮ್ಮನೆ ಸುತ್ತುತ್ತಿದ್ದ. "ಆ ಹಾಲಿನಲ್ಲಿ ಕೂರೋ ಪ್ರತಿಯೊಬ್ಬರಿಗೂ ನಾನೇ ಹೇಳಿದ್ದು, ತಗೊಳ್ಳಿ, ತಗೊಳ್ಳಿ ಅಂತ. ಈರಬಸಪ್ಪಣ್ಣ ಹೊಸ ಮೋಟರಿಗೆ ಇಟ್ಟಿದ್ದ ದುಡ್ಡು ಹಾಕಿದ್ರು. ಅವರ ಮಧ್ಯ ಹೋಗಿ ಹೆಂಗೆ ಕೂರ್ಲಿ? ಅಂಗಡಿ ಮುಂದೆ ಕೆಮ್ಮೋದೇ ಸಾಕಾಗಿದೆ."

"ಚಂದ್ರಮತಿ ಬಂದಾಗ ಯಾಕೆ ಬಾಗಿಲು ತೆಗೀಲಿಲ್ಲ?"

"ಅವರು ಅಳ್ತಾರೆ ಅಂತ ಹೆದರಿಕೆ ಆಯ್ತು." ತಲೆ ಎತ್ತಿದ. "ಟವೆಲ್ ಹಾಕಿದ ಮೇಲೆ ನಾನೂ ಆ ದೃಶ್ಯ ನೋಡಿಲ್ಲ ಅಕ್ಕ, ಗೊತ್ತಾ. ನೋಡಿದ್ರೆ ಬೆಲೆ ಇಳಿದುಹೋಗುತ್ತೆ ಅಂತ ನೋಡ್ಲೇ ಇಲ್ಲ. ಕುಜಣ್ಣನ ಮುಖ ಹೆಂಗಿತ್ತು ಅಂತ ನನಗೂ ನೆನಪಿಲ್ಲ."

ನನಗೆ ಅವನ ಮೇಲೆ ಕೋಪ ಹೋಗಿ ಅಯ್ಯೋ ಎನಿಸಿತು. ಪಕ್ಕದಲ್ಲೇ ಒಂದು ಡಬ್ಬದ ಮೇಲೆ ಕೂತುಕೊಂಡೆ. "ನೋಡು ಮಗಾ, ಬೈಯೋರು ಬೈತಾರೆ. ನಾನು ಸುಳ್ಳು ಹೇಳಲ್ಲ. ಆದ್ರೆ ಆ ಯಜಮಾನ್ರು ನಿನ್ನ ಬೈಯೋದಕ್ಕೆ ಬರ್ತಿಲ್ಲ, ತಾನ್ಯಾರು ಅಂತ ಕೇಳೋದಕ್ಕೆ ಬರ್ತಿದಾರೆ. ಸೋಮವಾರ ಲಾರಿ ಹತ್ತು, ಬೇಡ ಅನ್ನಲ್ಲ. ಭಾನುವಾರ ಒಂದು ಸಲ ಬಂದು ಕೂತು ಹೋಗು." ಅವನು ಮತ್ತೆ ಟೇಪು ಸುತ್ತತೊಡಗಿದ. ನಾನು ಬರುವಾಗ ಶಟರಿಗೆ ತಲೆ ಬಡಿಸಿಕೊಂಡೆ, ಅದಕ್ಕೆ ಮಾತ್ರ ಎದ್ದು ಬಂದು ಪೆಟ್ಟಾಯ್ತಾ ಎಂದು ಕೇಳಿದ.

ಭಾನುವಾರ ಟಾಕೀಸು ತುಂಬಿಹೋಯಿತು. ಸುದ್ದಿ ಹೇಗೋ ಹರಡಿತ್ತು. ಟವೆಲ್ ಹಾಕಿದವರೆಲ್ಲ ಹೇಳಿಸಿಕೊಳ್ಳದೆ ಬಂದರು. ಅಣ್ಣತಮ್ಮಂದಿರಲ್ಲಿ ತಮ್ಮನೂ ಬಂದು ಅಣ್ಣನಿಂದ ಸಾಕಷ್ಟು ದೂರ ಕೂತ. ಕುಜಣ್ಣ ಮುಂದಿನ ಸಾಲಿನ ನಡುವೆ, ಪಕ್ಕದಲ್ಲಿ ಚಂದ್ರಮತಿ. ಮುರಿಗೇಶ ಮಾತ್ರ ಇಲ್ಲ. ಸಿನಿಮಾ ಶುರುವಾಯಿತು. ತಟ್ಟೆ ಇಳಿಯಿತು, ವರ ಸಂಬಂಧ ಕೇಳಿದ, ಬಂದೂಕು ಪುಸ್ ಎಂದಿತು, ಎಷ್ಟೋ ದಿನದ ಮೇಲೆ ಜನ ದಬದಬ ಬಿದ್ದರು. ನಾನು ಪರದೆ ನೋಡಲಿಲ್ಲ, ರಸ್ತೆ ನೋಡುತ್ತ ನಿಂತಿದ್ದೆ.

ಜೋಯಿಸರು ಜಾತಕ ಬಿಡಿಸುವ ಹೊತ್ತಿಗೆ ಮುರಿಗೇಶ ಬಂದ. ಗಡ್ಡ ಹೆರೆದುಕೊಂಡಿದ್ದ, ಕೆನ್ನೆಯಲ್ಲಿ ಬ್ಲೇಡಿನ ಗಾಯ. ಟಿಕೆಟಿಗೆ ಜೇಬಿಗೆ ಕೈ ಹಾಕಿದವನನ್ನು ಸುಮ್ಮನಿರು ಎಂದು ಗದರಿ ಒಳಗೆ ತಳ್ಳಿದೆ. ಬೆಳಕಿನ ಸೀಳು ಒಳಗೆ ಬಿದ್ದದ್ದಕ್ಕೆ ಎಲ್ಲರೂ ತಿರುಗಿ ನೋಡಿದರು. ಯಾರೋ ಕೆಮ್ಮಿದರು. ಇನ್ನೊಬ್ಬರೂ ಕೆಮ್ಮಿದರು. ಒಂದೂ ಸೀಟು ಖಾಲಿ ಕಾಣಲಿಲ್ಲ, ಅವನು ನಡುದಾರಿಯಲ್ಲಿ ನಿಂತು ನನ್ನತ್ತ ನೋಡಿದ. ಈಗ ಓಡಿಬಿಡುತ್ತಾನೆ ಎಂದು ಬಾಗಿಲಿಗೆ ಅಡ್ಡವಾಗಿ ನಿಂತುಕೊಂಡೆ.

ಆಗ ಈರಬಸಪ್ಪನ ಗಡಸು ದನಿ ಕೇಳಿತು. "ಇಲ್ಲಿ ಬಾರಯ್ಯ, ನಿನಗೇ ಅಂತ ಹಾಕಿದೀನಿ." ತನ್ನ ಪಕ್ಕದ ಸೀಟಿನ ಮೇಲಿದ್ದ ಹಿಟ್ಟಿನ ಟವೆಲನ್ನು ಎತ್ತಿ ಹೆಗಲಿಗೆ ಹಾಕಿಕೊಂಡ. ಅದು ಅಲ್ಲಿರುವುದನ್ನು ನಾನೂ ಗಮನಿಸಿರಲಿಲ್ಲ. ಮುರಿಗೇಶ ತಲೆ ತಗ್ಗಿಸಿಕೊಂಡು ಹೋಗಿ ಕೂತ. "ದುಡ್ಡಿನ ವಿಷಯ ಆಮೇಲೆ ಮಾತಾಡೋಣ, ನಾನೇನು ಬಿಟ್ಟಿಲ್ಲ" ಎಂದ ಈರಬಸಪ್ಪ. "ಈಗ ಸಿನಿಮಾ ನೋಡು." ಮತ್ತೆ ಯಾರೂ ಕೆಮ್ಮಲಿಲ್ಲ.

ಕಡೇ ದೃಶ್ಯ ಬಂತು. ವರ ಎರಡು ಕೈ ಎತ್ತಿ ಪಾತ್ರೆ ಹಿಡಿದ. ಪರದೆ ಬೆಳ್ಳಗಾಗಲಿಲ್ಲ. ಪಾತ್ರೆ ಸ್ವಲ್ಪ ಸಿಕ್ಕಿಕೊಂಡಿತು, ಕಿವಿಗೆ ತಗುಲಿರಬೇಕು, ಅಲ್ಲಾಡಿಸಿ ಎಳೆದ. ಇಷ್ಟು ದಿನ ಬಚ್ಚಿಟ್ಟುಕೊಂಡಿದ್ದ ಮುಖ ಹೊರಗೆ ಬಂತು. ಮೀಸೆ ಈಗಷ್ಟೇ ಮೂಡಿದ, ದೊಡ್ಡ ಕಿವಿಯ ಒಬ್ಬ ಹುಡುಗ. ಕೂದಲು ಹಣೆಗೆ ಅಂಟಿಕೊಂಡಿತ್ತು, ಬೆವರು ಕೆನ್ನೆಯ ಮೇಲೆ ಧಾರೆಯಾಗಿ ಇಳಿಯುತ್ತಿತ್ತು. ನಗಬೇಕೋ ಬೇಡವೋ ಎಂದು ತಿಳಿಯದೆ ಹೆಣ್ಣಿನ ಕಡೆ ನೋಡುತ್ತಿದ್ದ. ಹೆಣ್ಣು ಅವನನ್ನು ಕಣ್ಣು ಮಿಟುಕಿಸದೆ ನೋಡಿದಳು. ಅಲ್ಲಿಗೆ ಶುಭಂ ಎಂದು ಬಿತ್ತು. ಅಂದು ಹಳೇ ಸಾಹುಕಾರರ ಹತ್ತಿರ ಅಷ್ಟಕ್ಕೇ ರೀಲು ಮುಗಿದಿತ್ತು, ಹೆಣ್ಣು ಏನೆಂದಳು ಎನ್ನುವುದನ್ನು ತೆಗೆಯಲಾಗಲೇ ಇಲ್ಲ.

ಹಾಲಿನಲ್ಲಿ ಯಾರೂ ಏಳಲಿಲ್ಲ. ಎಲ್ಲರೂ ಮುಂದಿನ ಸಾಲನ್ನು ನೋಡುತ್ತಿದ್ದೆವು. ನಾನು ನನಗೇ ಗೊತ್ತಿಲ್ಲದೆ ಅವರ ಹತ್ತಿರ ಹೋಗಿ ನಿಂತಿದ್ದೆ. ಚಂದ್ರಮತಿ ಗಂಡನ ಕೈ ಹಿಡಿದುಕೊಂಡು, "ನೋಡಿದ್ರಾ? ಯಾರು ಅಂತ ಗೊತ್ತಾಯ್ತಾ?" ಎಂದು ಕೇಳಿದರು.

ಕುಜಣ್ಣ ಮುಂದಕ್ಕೆ ಬಾಗಿ ಪರದೆಯನ್ನೇ ನೋಡಿದರು. ಆಮೇಲೆ ಇಲ್ಲವೆಂದು ತಲೆಯಾಡಿಸಿದರು.

"ಗೊತ್ತಾಗ್ಲಿಲ್ಲ. ಯಾರ ಮನೆ ಹುಡುಗನೋ ಏನೋ" ಎಂದರು. "ಪಾಪ, ಅದರೊಳಗೆ ಎಷ್ಟು ಸೆಕೆ ಆಗಿತ್ತೋ ಅವನಿಗೆ."

ಚಂದ್ರಮತಿ ತುಟಿ ಕಚ್ಚಿಕೊಂಡರು. ಇಷ್ಟೆಲ್ಲ ಮಾಡಿ ಏನು ಬಂತು ಎಂದು ನನ್ನನ್ನೇ ಬೈದುಕೊಂಡೆ. ಹಿಂದೆ ಮುರಿಗೇಶ ಎದ್ದು ನಿಂತಿದ್ದ.

ಅಷ್ಟರಲ್ಲಿ ಕುಜಣ್ಣ ಚಂದ್ರಮತಿಯ ಕಡೆ ತಿರುಗಿದರು. ಆ ಮುಖದಲ್ಲಿ ಅಷ್ಟು ಕಾಳಜಿಯನ್ನು ನಾನು ಎಂದೂ ಕಂಡಿರಲಿಲ್ಲ.

"ಅಷ್ಟು ದೂರದಿಂದ ಬಂದಿದಾನೆ. ಆ ಹುಡುಗಿ ಒಪ್ಪಿದಳಾ?"

"ಒಪ್ಪಿದಳು ಕಣ್ರೀ" ಎಂದರು ಚಂದ್ರಮತಿ. "ಅವತ್ತೇ ಒಪ್ಪಿದಳು."

"ಸದ್ಯ" ಎಂದು ಕುಜಣ್ಣ ಉಸಿರು ಬಿಟ್ಟು, ಹಿಡಿದಿದ್ದ ಅವರ ಕೈಯನ್ನು ಬಿಡದೆ ಮನೆಗೆ ಹೋಗೋಣವೇ ಎಂದು ಕೇಳಿದರು.